ದ್ವಿವರ್ಣ ಎಲ್‌ಇಡಿ

ದ್ವಿವರ್ಣ ಎಲ್‌ಇಡಿ ಎಂಬುದು ಎರಡು ಬಣ್ಣಗಳ ಬೆಳಕು ಸೂಸುವ ಡಯೋಡ್‌ಗಳನ್ನು ಒಂದೇ ಕವಚದಲ್ಲಿ ಹೊಂದಿರುವ ಸಾಧನ. ಗಣಕಯಂತ್ರದ ಪೆಟ್ಟಿಗೆಗೆ ಅಲಂಕಾರಿಕ ಬೆಳಕು ನೀಡಲು ಇದನ್ನು ಬಳಸುವುದುಂಟು.

ವಿಧಗಳು

ಎರಡು ಕಾಲುಗಳ ವಿಧದಲ್ಲಿ ಡಯೋಡ್‌ಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿರುತ್ತವೆ. ವಿದ್ಯುತ್ ಹರಿಯುವ ದಿಕ್ಕು ಬದಲಾದರೆ ಬಣ್ಣವೂ ಬದಲಾಗುತ್ತದೆ. ಮೂರು ಕಾಲುಗಳ ವಿಧದಲ್ಲಿ ಎರಡೂ ಆನೋಡ್‌ಗಳಿಗೆ ಅಥವಾ ಎರಡೂ ಕ್ಯಾಥೋಡ್‌ಗಳಿಗೆ ಒಂದೇ ಕಾಲು ಇರುತ್ತದೆ. ಇದರಲ್ಲಿ ಎರಡು ಬಣ್ಣಗಳನ್ನು ಒಟ್ಟಿಗೆ ಬೆಳಗಿಸಬಹುದು. ಕೆಂಪು ಮತ್ತು ಹಸಿರು ಬೆರೆತರೆ ಹಳದಿ ಛಾಯೆ ಕಾಣುತ್ತದೆ.

ವಿದ್ಯುತ್ ಪೂರೈಕೆ

ಗಣಕಯಂತ್ರದ ನಾಲ್ಕು ತಂತಿಗಳ ಮೋಲೆಕ್ಸ್ ಕನೆಕ್ಟರಿನಲ್ಲಿ ಹಳದಿ ತಂತಿ 12 ವೋಲ್ಟ್, ಕೆಂಪು ತಂತಿ 5 ವೋಲ್ಟ್ ನೀಡುತ್ತವೆ. ಕಪ್ಪು ತಂತಿಗಳೆರಡೂ ಗ್ರೌಂಡ್.

ರೋಧಕದ ಅಗತ್ಯ

ಎಲ್‌ಇಡಿ ತನ್ನ ಮೂಲಕ ಹರಿಯುವ ವಿದ್ಯುತ್ತನ್ನು ತಾನೇ ಮಿತಿಗೊಳಿಸಲಾರದು. ರೋಧಕವಿಲ್ಲದೆ ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋಗುತ್ತದೆ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. 5 ವೋಲ್ಟಿನಲ್ಲಿ ಉಳಿಯುವ 3 ವೋಲ್ಟನ್ನು 15 ಮಿಲಿಆಂಪಿಯರಿನಿಂದ ಭಾಗಿಸಿದರೆ 200 ಓಮ್ ಬರುತ್ತದೆ. ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುವ 220 ಓಮ್ ರೋಧಕವನ್ನು ಬಳಸಬಹುದು.

ಮೂರು ಕಾಲುಗಳ ವಿಧದಲ್ಲಿ ಪ್ರತಿ ಬಣ್ಣಕ್ಕೂ ಪ್ರತ್ಯೇಕ ರೋಧಕ ಬೇಕು. ಎರಡಕ್ಕೂ ಒಂದೇ ರೋಧಕವಿದ್ದು ಎರಡನ್ನೂ ಒಟ್ಟಿಗೆ ಬೆಳಗಿಸಿದರೆ, ಕಡಿಮೆ ವೋಲ್ಟೇಜಿನ ಕೆಂಪು ಡಯೋಡ್ ಹೆಚ್ಚಿನ ವಿದ್ಯುತ್ತನ್ನು ಸೆಳೆದುಕೊಂಡು ಹಸಿರು ಬೆಳಕು ಮಂಕಾಗುತ್ತದೆ.

ಬಣ್ಣ ಬದಲಾವಣೆ

ಮೂರು ಕಾಲುಗಳ ವಿಧಕ್ಕೆ ಸಾಮಾನ್ಯ ದ್ವಿಮುಖ ಸ್ವಿಚ್ ಸಾಕು. ಎರಡು ಕಾಲುಗಳ ವಿಧದಲ್ಲಿ ಧನ ಮತ್ತು ಋಣ ತಂತಿಗಳನ್ನು ಅದಲುಬದಲು ಮಾಡುವ ಆರು ಕಾಲುಗಳ ಸ್ವಿಚ್ ಬೇಕಾಗುತ್ತದೆ.

ಸುರಕ್ಷತೆ

ಜೋಡಣೆಗೆ ಮೊದಲು ಗಣಕಯಂತ್ರದ ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸಬೇಕು. ಬೆಸುಗೆ ಹಾಕಿದ ಭಾಗಗಳು ಲೋಹದ ಪೆಟ್ಟಿಗೆಗೆ ತಗುಲಿದರೆ ಶಾರ್ಟ್ ಸರ್ಕ್ಯೂಟ್ ಉಂಟಾಗುವುದರಿಂದ ಅವುಗಳಿಗೆ ನಿರೋಧಕ ಹೊದಿಕೆ ಅತ್ಯಗತ್ಯ.