ಏಳದ ಹೆಣ, ನಿಲ್ಲದ ಮಾತು: ಕಡಿಮೆ ಖರ್ಚಿನ ಕನ್ನಡ ಚಿತ್ರಗಳಲ್ಲಿ ಸತ್ತವರ ಹಾಸ್ಯ

1968ರಲ್ಲಿ ತೆರೆಕಂಡ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರಕ್ಕೆ ಆದ ಖರ್ಚು ಸುಮಾರು 1,14,000 ಡಾಲರ್. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರ ತೆಗೆಯುತ್ತಿದ್ದ ಜಾರ್ಜ್ ರೊಮೆರೊ ಮತ್ತು ಗೆಳೆಯರು ಕೈಯಿಂದ ಹಣ ಹಾಕಿ ಇದನ್ನು ಮಾಡಿದರು. ಅಷ್ಟರಲ್ಲೇ ಕೆಲಸ ಮುಗಿಯಲು ಒಂದು ಮುಖ್ಯ ಕಾರಣ ಎದ್ದು ನಡೆಯುವ ಹೆಣದ, ಅಂದರೆ ಜಾಂಬಿಯ, ಮೂಕತನ. ಅದಕ್ಕೆ ಸಂಭಾಷಣೆ ಬೇಡ, ಹೆಸರು ಬೇಡ, ನಟನಾ ತರಬೇತಿಯೂ ಬೇಡ. ಮುಖಕ್ಕೆ ಒಂದಿಷ್ಟು ಬಣ್ಣ ಬಳಿದು ಕಾಲೆಳೆದುಕೊಂಡು ನಡೆಯಲು ಬಂದರೆ ಊರವರೆಲ್ಲ ಪಾತ್ರಧಾರಿಗಳೇ. ಮುಂದೆ ಈ ಮಾದರಿ ಹಾಸ್ಯದ ಕಡೆ ಹೊರಳಿದ್ದಕ್ಕೂ ಇದೇ ದಾರಿ ಮಾಡಿಕೊಟ್ಟಿತು. ಭಯಪಡಿಸಬೇಕಾದವರು ನಮ್ಮ ಓಣಿಯವರೇ ಎಂದು ಗೊತ್ತಾದ ಮೇಲೆ ನಗು ಬಾರದಿರುತ್ತದೆಯೆ?

ಕನ್ನಡದಲ್ಲಿ ಜಾಂಬಿ ನೆಲೆಯೂರಲಿಲ್ಲ. ನಾವು ಹೆಣ ಸುಡುವವರು, ಎದ್ದು ಬರಲು ದೇಹವೇ ಉಳಿಯುವುದಿಲ್ಲ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಅದು ನಿಲ್ಲುವುದಿಲ್ಲ. ವೀರಶೈವ ಲಿಂಗಾಯತರಲ್ಲಿ, ಮುಸಲ್ಮಾನರಲ್ಲಿ, ಕ್ರೈಸ್ತರಲ್ಲಿ, ಇನ್ನೂ ಹಲವು ಸಮುದಾಯಗಳಲ್ಲಿ ಹೂಳುವ ಪದ್ಧತಿಯೇ ಇದೆ. ಕಾರಣವನ್ನು ಬೇರೆ ಕಡೆ ಹುಡುಕಬೇಕು. ನಮ್ಮ ಸತ್ತವರಿಗೆ ಮಾತು ಬೇಕು. ತೀರದ ಆಸೆ, ಬಾಕಿ ಉಳಿದ ಲೆಕ್ಕ, ಕೊಡದ ಹರಕೆ ಇವನ್ನು ಹೇಳಿಕೊಳ್ಳಲು ಅವರು ಬದುಕಿದ್ದವರ ಮೈಮೇಲೆ ಬರುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಲ್ಲಿ ಚೌಡಿಯೂ ಭೂತವೂ ಊರಿನ ವ್ಯವಹಾರದಲ್ಲಿ ಪಾಲುದಾರರು. ಅವರ ಜೊತೆ ಚೌಕಾಸಿಯೂ ನಡೆಯುತ್ತದೆ. ಅದೇ ಸೀಮೆಯ ಯಕ್ಷಗಾನದಲ್ಲಿ ನಡುರಾತ್ರಿ ಅಬ್ಬರಿಸಿ ಬರುವ ರಾಕ್ಷಸನ ಬಣ್ಣದ ವೇಷದ ಎದುರು ಹಾಸ್ಯಗಾರ ನಿಂತಿರುತ್ತಾನೆ. ಹೆದರಿದ ಮಗು ಅಮ್ಮನ ಮಡಿಲಲ್ಲೇ ನಗಲು ಶುರುಮಾಡುತ್ತದೆ. ಭಯ ಮತ್ತು ಹಾಸ್ಯದ ಬೆರಕೆಯನ್ನು ಸಿನಿಮಾ ಹೊಸದಾಗಿ ಕಂಡುಹಿಡಿಯಬೇಕಾಗಿರಲಿಲ್ಲ.

ರೊಮೆರೊ ಚಿತ್ರದ ಎರಡು ವರ್ಷಗಳ ನಂತರ ಬಂದ ‘ಸಂಸ್ಕಾರ’ವನ್ನು (1970) ಈ ಸಾಲಿನಲ್ಲಿ ಇಡುವುದು ಕೆಲವರಿಗೆ ಉದ್ಧಟತನವಾಗಿ ಕಂಡೀತು. ನನಗೆ ಹಾಗನ್ನಿಸುವುದಿಲ್ಲ. ಕಥೆ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರದು. ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ ಅವರು ತಮ್ಮ ಅಧ್ಯಾಪಕ ಮಾಲ್ಕಂ ಬ್ರಾಡ್ಬರಿ ಜೊತೆ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡಿದರು. ಸಾವೇ ಕಪ್ಪು ನಿಲುವಂಗಿ ತೊಟ್ಟು ಚದುರಂಗವಾಡುವ, ಪ್ಲೇಗಿನ ಕಾಲದ ಚಿತ್ರ ಅದು. 1965ರ ಕಾದಂಬರಿಗೆ ಅದು ಪ್ರೇರಣೆಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಸಾವಿನ ಸಿನಿಮಾವೊಂದು ಸ್ವೀಡನ್ನಿನಿಂದ ಹೊರಟು ಮಲೆನಾಡಿನ ಅಗ್ರಹಾರದ ಜಗಲಿ ಹತ್ತಿದ ಬಗೆ ಇದು.

ಪಟ್ಟಾಭಿರಾಮ ರೆಡ್ಡಿ ಚಿತ್ರವನ್ನು ಒಂದು ಲಕ್ಷ ರೂಪಾಯಿಯ ಆಸುಪಾಸಿನ ಖರ್ಚಿನಲ್ಲಿ ಮುಗಿಸಿದರು. ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಚಿತ್ರೀಕರಣ, ಆಸ್ಟ್ರೇಲಿಯಾದ ಟಾಮ್ ಕೋವನ್ ಛಾಯಾಗ್ರಹಣ, ಗಿರೀಶ್ ಕಾರ್ನಾಡ್, ಪಿ. ಲಂಕೇಶ್, ಸ್ನೇಹಲತಾ ರೆಡ್ಡಿ ಮುಖ್ಯ ಪಾತ್ರಗಳಲ್ಲಿ. ಸೆನ್ಸಾರ್ ಮಂಡಳಿ ಮೊದಲು ತಡೆಯಿತು. ಕೊನೆಗೆ ಅದೇ ಚಿತ್ರಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಗಂಭೀರ ಚಿತ್ರವೆಂಬ ಹಣೆಪಟ್ಟಿಯ ಕೆಳಗೆ ಅದರ ಹಾಸ್ಯ ಮುಚ್ಚಿಹೋಗಿದೆ. ಆಚಾರ ಮೀರಿ ಬದುಕಿದ ಬ್ರಾಹ್ಮಣ ನಾರಣಪ್ಪನ ಹೆಣ ಮನೆಯಲ್ಲಿ ಬಿದ್ದಿದೆ, ಅದನ್ನು ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಸಂಸ್ಕಾರ ಮಾಡಲು ಹಿಂಜರಿದವರು ಅವನ ಸಂಗಾತಿ ಚಂದ್ರಿಯ ಒಡವೆ ಕಂಡೊಡನೆ ಹಕ್ಕು ಮಂಡಿಸುತ್ತಾರೆ. ಹಸಿವು, ಒಡವೆ, ಧರ್ಮಶಾಸ್ತ್ರ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಚಂದ್ರಿ ರಾತ್ರೋರಾತ್ರಿ ಮುಸಲ್ಮಾನನೊಬ್ಬನ ಸಹಾಯದಿಂದ ದಹನ ಮುಗಿಸಿದ ಮೇಲೂ ಚರ್ಚೆ ನಡೆದೇ ಇರುತ್ತದೆ. ಏಳದ ಹೆಣವೊಂದು ಇಡೀ ಊರನ್ನು ಎಬ್ಬಿಸಿ ಓಡಾಡಿಸಿತು. ಇದಕ್ಕೆ ಬೇಕಾದದ್ದು ಮುಚ್ಚಿದ ಒಂದು ಬಾಗಿಲು ಮತ್ತು ಮಾತುಬಲ್ಲ ನಟರು.

ತಾರೆಯರಿಲ್ಲದ ಇಂಥ ಚಿತ್ರಗಳಿಗೆ ಪ್ರೇಕ್ಷಕರು ಎಲ್ಲಿದ್ದರು ಎಂದು ಕೇಳಿದರೆ ಹೆಗ್ಗೋಡನ್ನು ನೆನೆಯಬೇಕು. 1949ರಲ್ಲಿ ಅಲ್ಲಿ ಆರಂಭವಾದ ರಂಗಸಂಸ್ಥೆ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿತು. ಅದರ ರೂವಾರಿ ಕೆ. ವಿ. ಸುಬ್ಬಣ್ಣ ಅಡಿಕೆ ಬೆಳೆಗಾರರಿಗೂ ಕೂಲಿಯವರಿಗೂ ಕುರೊಸಾವಾ, ಸತ್ಯಜಿತ್ ರಾಯ್ ಚಿತ್ರಗಳನ್ನು ತೋರಿಸಿದರು. ಅಲ್ಲಿ ತೋರಿಸಿದ್ದು ಹೆಚ್ಚಾಗಿ ಅಭಿಜಾತ ಚಿತ್ರಗಳೇ. ಆದರೂ ಪರಿಚಯವಿಲ್ಲದ ಮುಖಗಳನ್ನು ಎರಡು ತಾಸು ನೋಡುವ ಅಭ್ಯಾಸ ಹೀಗೆ ಬೆಳೆಯಿತು.

ದುಡ್ಡು ಹೆಚ್ಚಾದಾಗ ಏನಾಗುತ್ತದೆ ಎಂಬುದಕ್ಕೆ ‘ಆಪ್ತಮಿತ್ರ’ (2004) ಸಾಕ್ಷಿ. ಜನಪ್ರಿಯ ಚಿತ್ರ, ಅದರ ಬಗ್ಗೆ ತಕರಾರಿಲ್ಲ. ಆದರೆ ಅಲ್ಲಿ ಹೆದರಿಸುವವರು ಬೇರೆ, ನಗಿಸುವವರು ಬೇರೆ.

1990ರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ಬಾಗಿಲು ತಟ್ಟುವ ದೆವ್ವ ಅದನ್ನು ಓದಿ, ಒಪ್ಪಿ, ಹಿಂತಿರುಗಿ, ಮಾರನೇ ದಿನ ಮತ್ತೆ ಬಂದು ಮತ್ತೆ ಓದುತ್ತದೆ. ಅಕ್ಷರ ಬಲ್ಲ, ಮಾತಿಗೆ ಬೆಲೆ ಕೊಡುವ ದೆವ್ವ! 2013ರಲ್ಲಿ ‘ಗೋ ಗೋವಾ ಗಾನ್’ ಎಂಬ ಹಿಂದಿ ಜಾಂಬಿ ಹಾಸ್ಯಚಿತ್ರ ತೆಗೆದ ರಾಜ್ ಮತ್ತು ಡಿಕೆ ಜೋಡಿಯೇ ಮುಂದೆ ಈ ಕತೆಯಿಂದ ‘ಸ್ತ್ರೀ’ (2018) ಬರೆದರು. ಹೊರಗಿನ ಮೂಕ ಜಾಂಬಿಗಿಂತ ಕರ್ನಾಟಕದ ಓದುಬಲ್ಲ ದೆವ್ವ ಅವರಿಗೆ ದೊಡ್ಡ ಗೆಲುವು ತಂದುಕೊಟ್ಟಿತು.

ನನ್ನ ಲೆಕ್ಕದಲ್ಲಿ ಕನ್ನಡದ ನಿಜವಾದ ನಡೆದಾಡುವ ಸತ್ತವನು ರಾಮ್ ರೆಡ್ಡಿಯವರ ‘ತಿಥಿ’ಯ (2015) ಗಡ್ಡಪ್ಪ. ಮಂಡ್ಯ ಸೀಮೆಯ ಹಳ್ಳಿಯಲ್ಲಿ, ಅಲ್ಲಿನ ಜನರನ್ನೇ ನಟರನ್ನಾಗಿ ಮಾಡಿಕೊಂಡು ತೆಗೆದ ಚಿತ್ರ. ಈರೇಗೌಡ ಬರವಣಿಗೆಯಲ್ಲಿ ಜೊತೆಗಾರರು. 101 ವರ್ಷದ ಸೆಂಚುರಿ ಗೌಡ ತೀರಿಕೊಂಡ ಮೇಲೆ ಮೊಮ್ಮಗ ತಮ್ಮಣ್ಣ ಜಮೀನು ಮಾರಬೇಕು, ಅಡ್ಡವಿರುವುದು ಅಪ್ಪ ಗಡ್ಡಪ್ಪ. ಮಗ ಅಪ್ಪನ ಸುಳ್ಳು ಮರಣಪತ್ರ ಮಾಡಿಸಿ, ಎಲ್ಲಾದರೂ ದೂರ ಹೋಗಿರು ಎನ್ನುತ್ತಾನೆ. ಕಾಗದದಲ್ಲಿ ಸತ್ತ ಗಡ್ಡಪ್ಪ ಬೀಡಿ ಸೇದುತ್ತ, ಕ್ವಾರ್ಟರ್ ಹಿಡಿದು ಬಯಲಲ್ಲಿ ನಡೆಯುತ್ತಾನೆ. ಮೇಕಪ್ಪಿನ ಖರ್ಚು ಸೊನ್ನೆ. ಲೊಕಾರ್ನೊ ಉತ್ಸವದಲ್ಲಿ ಚಿತ್ರ ಬಹುಮಾನ ಪಡೆಯಿತು, ಊರಲ್ಲಿ ಮಾತ್ರ ಜನ ಅದನ್ನು ಪಹಣಿ, ಖಾತೆ, ವಾರಸುದಾರಿಕೆಯ ತಮಾಷೆಯಾಗಿ ನೋಡಿ ನಕ್ಕರು. ಹಾಗೆ ನೋಡಿದ್ದೇ ಸರಿ.

ಜಪಾನಿನ ‘ಒನ್ ಕಟ್ ಆಫ್ ದಿ ಡೆಡ್’ (2017) ಮೂವತ್ತು ಲಕ್ಷ ಯೆನ್‌ನಲ್ಲಿ, ನಟನಾ ಕಾರ್ಯಾಗಾರವೊಂದರ ಹೊಸಬರಿಂದ ಆದದ್ದು. ಮೊದಲ 37 ನಿಮಿಷ ಒಂದೇ ಶಾಟಿನ ಒಡ್ಡೊಡ್ಡು ಜಾಂಬಿ ಕತೆ. ಆಮೇಲೆ ಆ ಒಡ್ಡುತನದ ಹಿಂದೆ ತಂಡ ಪಟ್ಟ ಪಾಡು. ಜೆ. ಪಿ. ತುಮಿನಾಡ್ ನಿರ್ದೇಶನದ ‘ಸು ಫ್ರಮ್ ಸೋ’ (2025) ಇದಕ್ಕೆ ಹತ್ತಿರದ ಬಂಧು. ತುಳು ರಂಗಭೂಮಿಯಿಂದ ಬಂದ ತುಮಿನಾಡರಿಗೆ ಊರ ಗುಂಪನ್ನು ಒಟ್ಟಿಗೆ ಮಾತಾಡಿಸುವುದು ಗೊತ್ತು. ಸ್ನಾನದ ಮನೆಯ ಬಳಿ ಸಿಕ್ಕಿಬಿದ್ದ ಅಶೋಕ ಎಂಬ ಯುವಕ ಮೈಮೇಲೆ ಬಂದವನಂತೆ ನಟಿಸುತ್ತಾನೆ. ಮೈಮೇಲೆ ಬಂದಿರುವುದು ತೀರಿಹೋದ ಸೋಮೇಶ್ವರದ ಸುಲೋಚನಾ ಎಂದು ಊರೇ ತೀರ್ಮಾನಿಸುತ್ತದೆ. ಅಲ್ಲಿಂದ ಮುಂದೆ ಕತೆ ಕಟ್ಟುವವರು ಊರವರು, ಅಶೋಕ ಹಿಂದೆ ಓಡುತ್ತಾನೆ. ನೂರು ಕೋಟಿ ದಾಟಿತೆಂದು ಉದ್ಯಮದ ವರದಿಗಳು ಹೇಳಿದ ಈ ಚಿತ್ರದಲ್ಲಿ ದೆವ್ವ ಒಮ್ಮೆಯೂ ಬರುವುದಿಲ್ಲ. ಬಂದಿದ್ದರೆ ಗ್ರಾಫಿಕ್ಸ್‌ಗೆ ದುಡ್ಡು ಬೇಕಾಗುತ್ತಿತ್ತು, ಊರಿನ ಯಜಮಾನನಂಥ ರವಿಯಣ್ಣನ ಮಾತಿಗೆ ಜಾಗವೂ ಇರುತ್ತಿರಲಿಲ್ಲ.