ಖಾಲಿ ಹಡಗಿನ ಭಾರ



1983ರ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳನ್ನು ಮಂಗಳೂರಿಗೆ ಪ್ರವಾಸ ಕರೆದೊಯ್ದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಪಣಂಬೂರಿನ ಹೊಸ ಬಂದರಿನಲ್ಲಿ ಆ ದಿನ ಕುದುರೆಮುಖದ ಅದಿರನ್ನು ತುಂಬಿಕೊಳ್ಳಲು ಬಂದ ದೊಡ್ಡ ಹಡಗೊಂದು ನಿಂತಿತ್ತು. ಅದರ ಪಕ್ಕೆಯ ರಂಧ್ರವೊಂದರಿಂದ ತೊಡೆಗಾತ್ರದ ನೀರಿನ ಧಾರೆ ಎಡೆಬಿಡದೆ ಸಮುದ್ರಕ್ಕೆ ಬೀಳುತ್ತಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ, "ಸಾರ್, ಹಡಗು ಸೋರುತ್ತಿದೆಯೇ?" ಎಂದು ಕೇಳಿದ. "ಸೋರಿದರೆ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಅದು ಎಂಜಿನ್ ತಣಿಸಿದ ನೀರು" ಎಂದೆ. "ಎಂಜಿನ್ ನಿಂತಿದೆಯಲ್ಲ ಸಾರ್?" ಎಂದು ಮತ್ತೆ ಕೇಳಿದ. ತಲೆಹರಟೆ ಬೇಡವೆಂದು ಗದರಿ ಅವನನ್ನು ಬಸ್ಸು ಹತ್ತಿಸಿದೆ. ಪ್ರವಾಸದ ವರದಿಯಲ್ಲಿ ಎಲ್ಲರೂ ನನ್ನ ಉತ್ತರವನ್ನೇ ಬರೆದರು. ನಾನು ಎಲ್ಲದಕ್ಕೂ ಸರಿ ಗುರುತು ಹಾಕಿದೆ.

ಆ ಹುಡುಗ ಈಗ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಒಂದು ಸರೋವರದ ದಡದಲ್ಲಿ ಮನೆ ಮಾಡಿಕೊಂಡಿದ್ದಾನೆ. 2022ರ ಬೇಸಿಗೆಯಲ್ಲಿ ಮಗಳ ಮನೆಗೆ ಹೋಗಿದ್ದ ನಮ್ಮನ್ನು ಒತ್ತಾಯದಿಂದ ಕರೆದೊಯ್ದು ನಾಲ್ಕು ದಿನ ಇರಿಸಿಕೊಂಡ. ಅವನ ಗ್ಯಾರೇಜಿನಲ್ಲಿ ಇಪ್ಪತ್ತೆರಡು ಅಡಿ ಉದ್ದದ ದೋಣಿಯೊಂದು ಟ್ರೇಲರಿನ ಮೇಲೆ ಕುಳಿತಿತ್ತು. ಅದರ ಹೊಟ್ಟೆಯೊಳಗೆ ಅರ್ಧ ದೇಹವನ್ನು ತೂರಿಸಿಕೊಂಡು ಕೊಳವೆ ಜೋಡಿಸುತ್ತಿದ್ದವನು ತಲೆ ಹೊರಗೆ ಹಾಕಿ, "ಸಾರ್, ಪಣಂಬೂರಿನ ಹಡಗಿನಿಂದ ಬೀಳುತ್ತಿದ್ದ ನೀರು ಇದೇ!" ಎಂದು ನಕ್ಕ. ಮೂವತ್ತೊಂಬತ್ತು ವರ್ಷ ಆ ಪ್ರಶ್ನೆಯನ್ನು ಅವನು ಬಿಟ್ಟಿರಲಿಲ್ಲ. ಊರಿಗೆ ಮರಳಿದ ಮೇಲೆ ನಾನು ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬ್ಯಾಲಸ್ಟ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ರೈಲು ಹಳಿಯ ಕೆಳಗಿನ ಜಲ್ಲಿ. ಆದರೆ ಆ ಪದ ಮೂಲದಲ್ಲಿ ಹಡಗಿನದು. ಸರಕಿಲ್ಲದ ಹಡಗು ನೀರಿನ ಮೇಲೆ ಎತ್ತರವಾಗಿ ತೇಲುತ್ತದೆ. ಗಾಳಿಗೆ ವಾಲಿದರೆ ಮತ್ತೆ ನೆಟ್ಟಗಾಗುವ ಬಲ ಅದಕ್ಕೆ ಸಾಲದು. ಆದುದರಿಂದ ತಳದಲ್ಲಿ ಒಂದಷ್ಟು ಭಾರ ತುಂಬಬೇಕು. ಅದೇ ನಿಲುಭಾರ. ಮಾರಲಾಗದ, ಆದರೆ ಇಲ್ಲದೆ ನಡೆಯದ ಸರಕು.

ಅದರ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಸ್ವೀಡನ್ನಿನ 'ವಾಸಾ' ಎಂಬ ಯುದ್ಧನೌಕೆ ಸಾಕ್ಷಿ. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮಿನಿಂದ ಹೊರಟ ಆ ನೌಕೆ ತನ್ನ ಮೊದಲ ಪಯಣದಲ್ಲಿ ಒಂದೂವರೆ ಕಿಲೋಮೀಟರ್ ಕೂಡ ಸಾಗಲಿಲ್ಲ. ಒಂದು ಗಾಳಿಗೆ ವಾಲಿ, ತೆರೆದಿದ್ದ ಕೆಳಸಾಲಿನ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. ತಳದಲ್ಲಿ ಸುಮಾರು 120 ಟನ್ ಕಲ್ಲು ಇತ್ತು. ಮೇಲಿನ ಭಾರಕ್ಕೆ ಅದು ಸಾಲದು. ಹೆಚ್ಚು ಕಲ್ಲು ಹಾಕೋಣವೆಂದರೆ ನೌಕೆ ಇನ್ನಷ್ಟು ತಗ್ಗಿ ಆ ಕಿಂಡಿಗಳೇ ನೀರಿನ ಮಟ್ಟಕ್ಕೆ ಬರುತ್ತಿದ್ದವು. ಕಟ್ಟುವಾಗಲೇ ಆದ ತಪ್ಪನ್ನು ಕಲ್ಲು ತುಂಬಿ ತಿದ್ದಲಾಗದು. 1961ರಲ್ಲಿ ಅದನ್ನು ಮೇಲೆತ್ತಿದರು, ಈಗ ವಸ್ತುಸಂಗ್ರಹಾಲಯದಲ್ಲಿದೆ.

ಕಲ್ಲು, ಮರಳು, ಜಲ್ಲಿಗಳ ಕಾಲದ ಕಥೆ ಇಂಗ್ಲೆಂಡಿನ ಟೈನ್ ನದಿಯ ದಂಡೆಯಲ್ಲಿ ಚೆನ್ನಾಗಿ ಕಾಣುತ್ತದೆ. ನ್ಯೂಕ್ಯಾಸಲ್‌ನಿಂದ ಲಂಡನ್ನಿಗೆ ಕಲ್ಲಿದ್ದಲು ಒಯ್ದ ಹಡಗುಗಳಿಗೆ ಮರಳುವಾಗ ಸರಕು ಸಿಗುತ್ತಿರಲಿಲ್ಲ. ಮರಳು, ಜಲ್ಲಿಗಳನ್ನು ಹಣ ಕೊಟ್ಟು ತುಂಬಿಸಿ, ಊರು ತಲುಪಿದ ಮೇಲೆ ಮತ್ತೆ ಹಣ ಕೊಟ್ಟು ದಂಡೆಯ ಮೇಲೆ ಸುರಿಸುತ್ತಿದ್ದರು. ಶತಮಾನಗಳ ಕಾಲ ಹೀಗೆ ಸುರಿದು ಅಲ್ಲಿ ಗುಡ್ಡಗಳೇ ಎದ್ದವು. ಕಲ್ಲಿದ್ದಲ ಗಾಡಿಗಳ ಹಳಿಯ ಕೆಳಗೆ ಆ ಜಲ್ಲಿಯನ್ನೇ ಹಾಸಿದುದರಿಂದ ರೈಲಿಗೂ ಆ ಪದ ಬಂತೆನ್ನುತ್ತಾರೆ.

ಉಗಿಯಂತ್ರ ಬಂದ ಮೇಲೆ ಈ ಸುರಿದಾಟ ದುಬಾರಿಯಾಯಿತು. ಉಗಿಹಡಗಿನ ಲಾಭವಿದ್ದದ್ದು ವರ್ಷಕ್ಕೆ ಎಷ್ಟು ಸಲ ಹೋಗಿ ಬರುತ್ತದೆಂಬುದರಲ್ಲಿ. ಮರಳು ಇಳಿಸುತ್ತ ದಿನಗಟ್ಟಲೆ ಕಾಯುವುದರಲ್ಲಲ್ಲ. 1852ರಲ್ಲಿ ಜಾರೋ ಎಂಬಲ್ಲಿ ಚಾರ್ಲ್ಸ್ ಪಾಮರ್ ಕಟ್ಟಿಸಿದ 'ಜಾನ್ ಬೋವ್ಸ್' ಎಂಬ ಕಬ್ಬಿಣದ ಹಡಗು ಸುಮಾರು 650 ಟನ್ ಕಲ್ಲಿದ್ದಲು ಒಯ್ದು, ಮರಳುವಾಗ ನೀರನ್ನೇ ನಿಲುಭಾರವಾಗಿ ತುಂಬಿಕೊಂಡು ಬರುತ್ತಿತ್ತು. ನೀರಿಗೆ ಬೆಲೆಯಿಲ್ಲ, ಕೂಲಿಯಾಳು ಬೇಡ. ಪಂಪು ತಿರುಗಿಸಿದರೆ ಒಳಗೆ ಬರುತ್ತದೆ, ಮತ್ತೆ ತಿರುಗಿಸಿದರೆ ಹೊರಗೆ ಹೋಗುತ್ತದೆ. ನೀರು ತುಂಬುವ ಯೋಚನೆ ಅದಕ್ಕೂ ಮೊದಲೇ ಇತ್ತು. ಅದರಲ್ಲಿ ಲಾಭವಿದೆಯೆಂದು ವ್ಯಾಪಾರಿಗಳಿಗೆ ಮನವರಿಕೆಯಾದದ್ದು ಇಂಥ ಹಡಗುಗಳಿಂದ.

ಪಣಂಬೂರಿನಲ್ಲಿ ನಾವು ಕಂಡದ್ದೂ ಅದೇ. ಖಾಲಿಯಾಗಿ ಬಂದ ಹಡಗು ದೂರದ ಯಾವುದೋ ಬಂದರಿನ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದಿತ್ತು. ಅದಿರು ಬೀಳುತ್ತಿದ್ದಂತೆ ಅದನ್ನು ಹೊರಗೆ ಚೆಲ್ಲುತ್ತಿತ್ತು.

ಇನ್ನು ನನ್ನ ಶಿಷ್ಯನ ದೋಣಿಯ ವಿಷಯ. ಅವನ ಮಕ್ಕಳು ಆಡುವ ಆಟಕ್ಕೆ ವೇಕ್‌ಬೋರ್ಡಿಂಗ್ ಎಂದು ಹೆಸರು. ದೋಣಿಗೆ ಕಟ್ಟಿದ ಹಗ್ಗ ಹಿಡಿದು ಹಲಗೆಯ ಮೇಲೆ ನಿಂತು, ದೋಣಿಯ ಹಿಂದೆ ಏಳುವ ಅಲೆಯನ್ನೇರಿ ನೆಗೆಯುವುದು. 1985ರ ವೇಳೆಗೆ ಟೋನಿ ಫಿನ್ ಎಂಬಾತ 'ಸ್ಕರ್ಫರ್' ಎಂಬ ಹಲಗೆಯನ್ನು ಮಾರುಕಟ್ಟೆಗೆ ತಂದ. 1990ರ ಸುಮಾರಿಗೆ ಹರ್ಬ್ ಓಬ್ರಿಯನ್ ಅದನ್ನು ಸುಧಾರಿಸಿ ಆಟ ಹಬ್ಬುವಂತೆ ಮಾಡಿದ. ಅಲೆ ದೊಡ್ಡದಾದಷ್ಟೂ ನೆಗೆತ ಎತ್ತರ. ದೋಣಿ ಭಾರವಾದಷ್ಟೂ ಹೆಚ್ಚು ನೀರನ್ನು ಸರಿಸುತ್ತದೆ, ಅಲೆ ದೊಡ್ಡದಾಗುತ್ತದೆ. ನೀವು ಒಂಬತ್ತನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ ಆರ್ಕಿಮಿಡೀಸನೇ ಇಲ್ಲೂ ಇದ್ದಾನೆ. ಹಡಗಿನವರು ಸ್ಥಿರತೆಗಾಗಿ ಬಯಸಿದ ಭಾರವನ್ನು ಇವರು ಅಲೆಗಾಗಿ ಬಯಸುತ್ತಾರೆ.

ಎರಡು ದಿನ ನಾನು ಅವನಿಗೆ ಸ್ಪಾನರ್ ಎತ್ತಿಕೊಡುವ ಸಹಾಯಕನಾದೆ. ದಪ್ಪ ವಿನೈಲಿನ ಮೂರು ಚೀಲಗಳು: ಹಿಂಭಾಗದ ಎರಡು ಪೆಟ್ಟಿಗೆಗಳಲ್ಲಿ 340 ಲೀಟರಿನ ಒಂದೊಂದು, ಮುಂದಿನ ಆಸನದ ಕೆಳಗೆ 180 ಲೀಟರಿನದೊಂದು. ತುಂಬಿದರೆ ಒಟ್ಟು 860 ಕಿಲೋ. ದೋಣಿಯ ತಳಕ್ಕೆ ರಂಧ್ರ ಕೊರೆಯುವಾಗ ಅವನ ಮುಖ ನೋಡಬೇಕಿತ್ತು. ತೇಲಬೇಕಾದ ವಸ್ತುವಿಗೆ ಕೈಯಾರೆ ತೂತು ಮಾಡುವುದು ಸುಲಭದ ಮಾತಲ್ಲ. ಆ ರಂಧ್ರಕ್ಕೆ ಹಿತ್ತಾಳೆಯ ಕೊಳಾಯಿ, ಸುತ್ತ ಸಮುದ್ರದ ದೋಣಿಗಳಿಗೆ ಹಚ್ಚುವ ಅಂಟು, ಮೇಲೆ ಮುಚ್ಚುವ ವಾಲ್ವು, ಆಮೇಲೆ ಬ್ಯಾಟರಿಯಿಂದ ಓಡುವ 12 ವೋಲ್ಟಿನ ಪಂಪುಗಳು. ಗಂಟೆಗೆ ಸುಮಾರು 3000 ಲೀಟರ್ ಎತ್ತುವ ಪಂಪಿಗೆ ಹಿಂದಿನ ಒಂದು ಚೀಲ ತುಂಬಲು ಏಳೆಂಟು ನಿಮಿಷ. ಒಂದೊಂದು ಪಂಪಿಗೂ ಬೇರೆ ಫ್ಯೂಸು, ಚುಕ್ಕಾಣಿಯ ಬಳಿ ಬೇರೆ ಸ್ವಿಚ್ಚು. ಚೀಲದ ಮೇಲ್ಭಾಗದಿಂದ ಒಂದು ನಳಿಗೆ ದೋಣಿಯ ಪಕ್ಕೆಗೆ ಹೋಗುತ್ತದೆ. ಒಳಗಿನ ಗಾಳಿ ಅದರಿಂದ ಹೊರಗೆ ಹೋಗಬೇಕು, ಚೀಲ ತುಂಬಿದಾಗ ಅಲ್ಲಿಂದಲೇ ನೀರು ಚಿಮ್ಮಿ ಸುದ್ದಿ ಕೊಡಬೇಕು.

ಒಂದು ಸಂಗತಿ ಮಾತ್ರ ನಾನೇ ಅವನಿಗೆ ಹೇಳಿದೆನೆಂದು ಸ್ವಲ್ಪ ಹೆಮ್ಮೆ. ಪೆಟ್ರೋಲು ಉಳಿಸಲು ಚೀಲಗಳನ್ನು ಅರ್ಧ ತುಂಬಿಸಿ ಓಡಿಸೋಣವೆಂದ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಹಡಗಿನವರಿಗೂ ಗೊತ್ತು: ಅರ್ಧ ತುಂಬಿದ ತೊಟ್ಟಿಯ ನೀರು ದೋಣಿ ವಾಲಿದ ಕಡೆಗೇ ಓಡಿ ವಾಲುವಿಕೆಯನ್ನು ಹೆಚ್ಚಿಸುತ್ತದೆ. ಒಂದೋ ತುಂಬು, ಇಲ್ಲವೇ ಖಾಲಿ ಬಿಡು ಎಂದೆ. ಮುಂದಿನ ಚೀಲ ತುಂಬಿರುವಾಗ ಥಟ್ಟನೆ ವೇಗ ತಗ್ಗಿಸಿದರೆ ಮೂತಿ ತಗ್ಗಿ ಅಲೆ ಒಳಗೇ ನುಗ್ಗುತ್ತದೆಂದು ಅವನು ನನಗೆ ಹೇಳಿದ.

ಮೂರನೆಯ ದಿನ ದೋಣಿ ಸರೋವರಕ್ಕಿಳಿಯಿತು. ಅಲೆ ಎದ್ದಿತು, ಮಕ್ಕಳು ಕೂಗಿದರು. ಪಕ್ಕದ ಮನೆಯ ವೃದ್ಧರೊಬ್ಬರು ತಮ್ಮ ದಡ ಕೊರೆಯುತ್ತದೆಂದು ಗೊಣಗಿದರು. ಆ ಗೊಣಗಾಟದಲ್ಲಿ ನ್ಯಾಯವಿದೆಯೆಂದೇ ನನಗೆ ಅನ್ನಿಸಿತು. ಸಂಜೆ ಪಂಪುಗಳನ್ನು ಹಿಮ್ಮುಖವಾಗಿ ಓಡಿಸಿ, ನೀರೆಲ್ಲ ಹೋಯಿತೆಂದು ದೋಣಿಯನ್ನು ಟ್ರೇಲರಿಗೆ ಏರಿಸಿದ. ಮರುದಿನ ಇಪ್ಪತ್ತು ಮೈಲು ದೂರದ ಇನ್ನೊಂದು ಸರೋವರಕ್ಕೆ ಹೋಗುವ ಯೋಜನೆಯಿತ್ತು.

ಅಂದು ರಾತ್ರಿ ಅವನ ಮನೆಯ ಕೊಳವೆಯಂಚಿಗೆ ಕಚ್ಚಿಕೊಂಡಿದ್ದ, ಉಗುರಿನಷ್ಟು ದೊಡ್ಡ, ಪಟ್ಟೆಪಟ್ಟೆಯ ಚಿಪ್ಪೊಂದನ್ನು ಅವನ ಮಗಳು ನನಗೆ ತೋರಿಸಿದಳು. ಅದು ಝೀಬ್ರಾ ಮಸ್ಸೆಲ್. ಕಪ್ಪುಸಮುದ್ರ, ಕ್ಯಾಸ್ಪಿಯನ್ ಸಮುದ್ರಗಳ ಸುತ್ತಲಿನ ಪ್ರಾಣಿ. ಹಡಗುಗಳ ನಿಲುಭಾರದ ನೀರಿನಲ್ಲಿ ಅಟ್ಲಾಂಟಿಕ್ ದಾಟಿ ಬಂದು, 1988ರಲ್ಲಿ ಅದೇ ಮಿಶಿಗನ್ನಿನ ಅಂಚಿನ ಸೇಂಟ್ ಕ್ಲೇರ್ ಸರೋವರದಲ್ಲಿ ಕಾಣಿಸಿಕೊಂಡಿತು. ಮರುವರ್ಷವೇ ಮನ್ರೋ ಎಂಬ ಊರಿನ ನೀರು ಸರಬರಾಜಿನ ಕೊಳವೆಯನ್ನು ಮುಚ್ಚಿಹಾಕಿತು. ಮರಿಗಳು ಬರಿಗಣ್ಣಿಗೆ ಕಾಣದಷ್ಟು ಚಿಕ್ಕವು. ಕಲ್ಲು ಮಣ್ಣಿನ ಕಾಲದಲ್ಲೂ ಬೀಜಗಳು ಹೀಗೆಯೇ ದಾಟಿದ್ದವು. ಅಲ್ಲಿನ ರಸ್ತೆಬದಿಯ ಜೌಗಿನಲ್ಲಿ ನಾನು ಮೆಚ್ಚಿ ನೋಡಿದ ಕೆನ್ನೇರಳೆ ಲೂಸ್‌ಸ್ಟ್ರೈಫ್ ಹೂವು ಆ ದಾರಿಯಲ್ಲಿ ಬಂದದ್ದೇ. ಆದರೆ ನೀರು ಹೊತ್ತು ತರುವುದು ಬೇರೆಯೇ ಪ್ರಮಾಣದಲ್ಲಿ. ನಮ್ಮ ವಿಶಾಖಪಟ್ಟಣದ ಬಂದರಿನಲ್ಲೂ 1967ರಲ್ಲಿ ಅಮೆರಿಕ ಖಂಡದ ಉಷ್ಣವಲಯದ ಇಂಥದೊಂದು ಚಿಪ್ಪುಜೀವಿ ಪತ್ತೆಯಾಗಿತ್ತು. ಅದೂ ಹಡಗಿನ ದಾರಿಯಲ್ಲೇ ಬಂದದ್ದು. ಇದರ ಕುರಿತ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ಲಂಡನ್ನಿನಲ್ಲಿ ಆಯಿತು, ಜಾರಿಗೆ ಬಂದದ್ದು 2017ರ ಸೆಪ್ಟೆಂಬರಿನಲ್ಲಿ. ಈಗ ದೊಡ್ಡ ಹಡಗುಗಳು ನೀರನ್ನು ಸೋಸಿ, ನೇರಳಾತೀತ ಕಿರಣ ಹಾಯಿಸಿ ಅಥವಾ ಬೇರೆ ವಿಧಾನದಿಂದ ಶುದ್ಧಿ ಮಾಡಿ ಚೆಲ್ಲಬೇಕು.

"ನಿನ್ನ ಚೀಲಗಳು ನಿಜಕ್ಕೂ ಖಾಲಿಯಾಗಿವೆಯೇ?" ಎಂದು ಕೇಳಿದೆ. "ಪಂಪು ಗಾಳಿ ಎಳೆಯುವವರೆಗೂ ಓಡಿಸಿದೆ ಸಾರ್" ಎಂದ. ಗ್ಯಾರೇಜಿಗೆ ಹೋಗಿ ಒಂದು ಚೀಲವನ್ನು ಬಿಚ್ಚಿ ಎತ್ತಿ ಮಗುಚಿದೆವು. ಮಡಿಕೆಗಳಲ್ಲಿ ನಿಂತಿದ್ದ ನೀರಿಗೆ ಒಂದು ಬಕೆಟ್ಟು ತುಂಬಿ ಎರಡನೆಯದರಲ್ಲೂ ಅರ್ಧವಾಯಿತು. ಅವನು ಬಹಳ ಹೊತ್ತು ಬಕೆಟ್ಟನ್ನೇ ನೋಡುತ್ತ ನಿಂತ. 2019ರಿಂದ ಆ ರಾಜ್ಯದಲ್ಲಿ ನೀರು ಬಸಿಯದೆ ದೋಣಿಯನ್ನು ರಸ್ತೆಯಲ್ಲಿ ಒಯ್ಯುವುದು ಕಾನೂನಿಗೆ ವಿರುದ್ಧವೆಂಬುದು ಅವನಿಗೆ ಗೊತ್ತಿತ್ತು. ಬಸಿದಿದ್ದೇನೆಂದೇ ಅವನು ನಂಬಿದ್ದ.

ಮರುದಿನ ಇನ್ನೊಂದು ಸರೋವರಕ್ಕೆ ಹೋಗಲಿಲ್ಲ. ಮೂರು ಚೀಲಗಳನ್ನೂ ಬಟ್ಟೆ ಒಣಹಾಕುವಂತೆ ಅಂಗಳದಲ್ಲಿ ನೇತುಹಾಕಿದೆವು. ಪ್ರತಿ ಚೀಲದ ಅತಿ ತಗ್ಗಿನ ಮೂಲೆಯಲ್ಲಿ ಬಸಿಯುವ ಇನ್ನೊಂದು ಕೊಳಾಯಿ ಕೂಡಿಸುವುದೆಂದು ತೀರ್ಮಾನಿಸಿ, ಸಂಜೆಯವರೆಗೂ ಅದರ ಚಿತ್ರ ಬರೆಯುತ್ತ ಕುಳಿತ.

1983ರ ಆ ಬಸ್ಸಿನಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಪ್ರವಾಸದ ವರದಿಯ ಪುಸ್ತಕವನ್ನು ಇನ್ನೂ ಇಟ್ಟುಕೊಂಡಿದ್ದರೆ, ಆ ಸಾಲನ್ನು ದಯವಿಟ್ಟು ತಿದ್ದಿಕೊಳ್ಳಿ. ಸರಿ ಗುರುತು ಹಾಕಿದ್ದು ನಾನೇ.