ಮೊದಲ ಪುಟದಲ್ಲಿ ಯಾರ ಹೆಸರು?

ಪ್ರಬಂಧವನ್ನು ಬೈಂಡಿಂಗ್‌ಗೆ ಕೊಡುವ ಹಿಂದಿನ ದಿನ ನಮ್ಮಲ್ಲಿ ಜಗಳ ಆಯಿತು. ಜಗಳ ಅಧ್ಯಯನದ ಬಗ್ಗೆ ಅಲ್ಲ, ‘ಕೃತಜ್ಞತೆಗಳು’ ಎಂಬ ಒಂದೇ ಒಂದು ಪುಟದ ಬಗ್ಗೆ. ಕ್ಯಾಂಪಸ್ ಎದುರಿನ ಡಿಟಿಪಿ ಅಂಗಡಿಯಲ್ಲಿ ಆ ಪುಟ ಸಿದ್ಧವಾಗಿಯೇ ಇರುತ್ತದೆ. ಕುಲಪತಿಗಳು, ಕುಲಸಚಿವರು, ವಿಭಾಗದ ಮುಖ್ಯಸ್ಥರು, ಮಾರ್ಗದರ್ಶಕರು, ಗ್ರಂಥಪಾಲಕರು, ಕೊನೆಗೆ ‘ಪ್ರತ್ಯಕ್ಷವಾಗಿ, ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ’. ಹೆಸರು ಬದಲಿಸಿದರೆ ಮುಗಿಯಿತು. ನಮ್ಮ ಸೀನಿಯರ್ ಒಬ್ಬರು ಅದನ್ನೂ ಮರೆತು ಬೇರೆ ಯಾರದೋ ತಂದೆತಾಯಿಗೆ ಧನ್ಯವಾದ ಹೇಳಿದ್ದಾರೆ. ಆ ಪ್ರಬಂಧ ಈಗಲೂ ವಿಭಾಗದ ಕಪಾಟಿನಲ್ಲಿದೆ.

ನಮ್ಮಲ್ಲೊಬ್ಬಳು ಆ ಪಟ್ಟಿಗೆ ಎರಡು ಸಾಲು ಸೇರಿಸಿದ್ದಳು. ಒಂದು, ನರೇಗಾ ಕೂಲಿಯ ದುಡ್ಡಿನಲ್ಲಿ ಪರೀಕ್ಷಾ ಶುಲ್ಕ ಕಟ್ಟಿದ ಅವ್ವನಿಗೆ. ಇನ್ನೊಂದು, ವರದಿಗೆಂದು ಹಳ್ಳಿ ಸುತ್ತಿ ರಾತ್ರಿ ಒಂಬತ್ತಕ್ಕೆ ಬಿಸಿಎಂ ಹಾಸ್ಟೆಲ್‌ಗೆ ಬಂದಾಗಲೂ ತಟ್ಟೆ ಮುಚ್ಚಿಟ್ಟಿರುತ್ತಿದ್ದ ಅಡುಗೆಯ ಅಕ್ಕನಿಗೆ. ಕರಡು ನೋಡಿದ ಹಿರಿಯರೊಬ್ಬರು ಅವ್ವನನ್ನು ಉಳಿಸಿ ಅಕ್ಕನ ಮೇಲೆ ಗೆರೆ ಎಳೆದರು. ‘ಇದೆಲ್ಲ ಅಕಾಡೆಮಿಕ್ ಅಲ್ಲಮ್ಮ’ ಅಂದರು. ಸಿಟ್ಟು ಬಂತು, ಆದರೆ ತಿರುಗಿ ಹೇಳಲು ನಮ್ಮ ಬಳಿ ಏನೂ ಇರಲಿಲ್ಲ. ಹಾಗಾದರೆ ದೊಡ್ಡ ಓದು ಓದಿದವರು ಓದು ಮುಗಿಸಿದಾಗ ಯಾರನ್ನು ನೆನೆದರು ಎಂದು ಹುಡುಕುತ್ತ ಕೂತೆವು. ಮೊದಲು ಕೈಗೆತ್ತಿಕೊಂಡದ್ದು ಬಾಬಾಸಾಹೇಬ್ ಅಂಬೇಡ್ಕರ್ ಅವರ ಪುಸ್ತಕಗಳನ್ನು.

ಅಂಬೇಡ್ಕರ್ ಓದಿದ್ದನ್ನು ನಾವು ಪದವಿಗಳ ಲೆಕ್ಕದಲ್ಲೇ ಹೇಳುತ್ತೇವೆ. ಕೊಲಂಬಿಯಾ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಬ್ಯಾರಿಸ್ಟರ್. ಹಾಸ್ಟೆಲ್ ಗೋಡೆಯ ಪಟದಲ್ಲೂ ಅಷ್ಟೇ ಬರೆದಿರುತ್ತದೆ. ಅವರ ಪುಸ್ತಕಗಳ ಅರ್ಪಣೆಯ ಪುಟಗಳನ್ನು ಮಾತ್ರ ಒಂದರ ಪಕ್ಕ ಒಂದಿಟ್ಟು ಓದಿದರೆ ಬೇರೆಯದೇ ಚರಿತ್ರೆ ಕಾಣುತ್ತದೆ.

ಲಂಡನ್ನಿನ ಡಿ.ಎಸ್‌ಸಿ. ಪದವಿಗೆ ಬರೆದ ‘ದಿ ಪ್ರಾಬ್ಲಮ್ ಆಫ್ ದಿ ರುಪಿ’ 1923ರಲ್ಲಿ ಪುಸ್ತಕವಾಯಿತು. ಅದರ ಅರ್ಪಣೆ ತಂದೆತಾಯಿಯ ನೆನಪಿಗೆ. ತನ್ನ ವಿದ್ಯೆಗಾಗಿ ಅವರು ಮಾಡಿದ ತ್ಯಾಗಕ್ಕೆ, ತೋರಿದ ಅರಿವಿಗೆ ಕೃತಜ್ಞತೆ ಎಂಬ ಅರ್ಥದ ಮಾತು ಅಲ್ಲಿದೆ. ‘ನೆನಪಿಗೆ’ ಎಂಬುದನ್ನು ಗಮನಿಸಿ. ತಾಯಿ ಭೀಮಾಬಾಯಿ ಅವರು ಬಾಲಕನಾಗಿದ್ದಾಗಲೇ ತೀರಿಕೊಂಡಿದ್ದರು. ತಂದೆ ರಾಮಜಿ ಸಕ್ಪಾಲ್ ತೀರಿಕೊಂಡದ್ದು 1913ರ ಫೆಬ್ರವರಿಯಲ್ಲಿ. ಮಗ ಅಮೆರಿಕಕ್ಕೆ ಹೊರಟದ್ದು ಅದೇ ವರ್ಷದ ಮಳೆಗಾಲದಲ್ಲಿ. ಸೈನ್ಯದಿಂದ ನಿವೃತ್ತರಾದ ಸುಬೇದಾರ ಮುಂಬೈನ ಚಾಳ್ ಒಂದರ ಒಂಟಿ ಕೋಣೆಯಲ್ಲಿ ಸಂಸಾರ ಇಟ್ಟಿದ್ದರು. ಮಗನಿಗೆ ಓದಲು ಜಾಗ ಸಿಗಲೆಂದು ಅವನನ್ನು ಬೇಗ ಮಲಗಿಸಿ, ತಾವು ಎದ್ದಿದ್ದು, ರಾತ್ರಿ ಎರಡಕ್ಕೆ ಅವನನ್ನು ಎಬ್ಬಿಸುತ್ತಿದ್ದರಂತೆ. ಮಗ ಕೇಳಿದ ಪುಸ್ತಕಕ್ಕೆ ದುಡ್ಡಿಲ್ಲದಾಗ ಮದುವೆಯಾಗಿ ಹೋಗಿದ್ದ ಹೆಣ್ಣುಮಕ್ಕಳ ಮನೆಗೆ ಹೋಗಿ ಸಾಲ ಕೇಳುತ್ತಿದ್ದರು, ಒಡವೆ ತಂದು ಅಡವಿಡುತ್ತಿದ್ದರು ಎಂದು ಜೀವನಚರಿತ್ರೆ ಬರೆದ ಧನಂಜಯ ಕೀರ್ ಹೇಳುತ್ತಾರೆ. ಆ ಅಕ್ಕಂದಿರ ಹೆಸರು ಅರ್ಪಣೆಯಲ್ಲಿ ಇಲ್ಲ. ಒಡವೆ ಬಿಡಿಸಿಕೊಂಡರೋ ಇಲ್ಲವೋ ಎಂದು ನಾವು ಒಂದು ಸಂಜೆಯಿಡೀ ಮಾತಾಡಿದೆವು. ನಮ್ಮ ಮನೆಗಳಲ್ಲೂ ಬ್ಯಾಂಕಿನಲ್ಲೇ ಉಳಿದ ಕಿವಿಯೋಲೆಗಳಿವೆ.

ಅದೇ ಪುಸ್ತಕದ ಮುನ್ನುಡಿಗೆ ಬನ್ನಿ. ಪತ್ರಿಕೋದ್ಯಮ ಓದಿದ ನಮಗೆ ಅಲ್ಲಿನ ಒಂದು ಮಾತು ಬಹಳ ಹಿಡಿಸಿತು. ಮುಂಬೈನ ವಿಲ್ಸನ್ ಕಾಲೇಜಿನ ಪ್ರೊಫೆಸರ್ ವಾಡಿಯಾ ಅವರಿಗೆ ಅಂಬೇಡ್ಕರ್ ಧನ್ಯವಾದ ಹೇಳುತ್ತಾರೆ, ಪ್ರೂಫ್ ತಿದ್ದಿಕೊಟ್ಟದ್ದಕ್ಕೆ. ಯಾರೂ ಥ್ಯಾಂಕ್ಸ್ ಹೇಳದ ಆ ಕೆಲಸವನ್ನು ನಗುನಗುತ್ತ ಮಾಡಿದರು ಎಂಬ ಧಾಟಿಯಲ್ಲಿ. ಪ್ರೂಫ್ ತಿದ್ದಿದವರಿಗೇ ಗೊತ್ತು ಅದರ ಬೆಲೆ. ಗುರು ಎಡ್ವಿನ್ ಕ್ಯಾನನ್ ಅವರನ್ನು ನೆನೆದದ್ದು ಇನ್ನೊಂದು ಬಗೆ. ಕ್ಯಾನನ್ ತನ್ನ ವಾದಗಳನ್ನು ಕಟುವಾಗಿ ಪರೀಕ್ಷಿಸಿದ್ದರಿಂದ ಎಷ್ಟೋ ತಪ್ಪುಗಳಿಂದ ಪಾರಾದೆ ಎನ್ನುತ್ತಾರೆ. ಆ ಪುಸ್ತಕಕ್ಕೆ ಮೊದಲ ಮಾತು ಬರೆದ ಕ್ಯಾನನ್, ಶಿಷ್ಯನ ಕೆಲವು ವಾದ ನನಗೆ ಒಪ್ಪಿಗೆಯಿಲ್ಲ ಎಂದು ಅಲ್ಲೇ ಹೇಳಿಬಿಟ್ಟಿದ್ದಾರೆ. ಒಪ್ಪದ ಗುರು, ಅದನ್ನು ಅಚ್ಚು ಹಾಕಿಸಿದ ಶಿಷ್ಯ. ‘ಪೂಜ್ಯ ಮಾರ್ಗದರ್ಶಕರ ಪಾದಾರವಿಂದಗಳಿಗೆ’ ಎಂದು ಬರೆಯುವ ನಮ್ಮ ಪದ್ಧತಿಗೆ ಹೋಲಿಸಿದರೆ ಇದೇ ಹೆಚ್ಚು ಮರ್ಯಾದೆಯದು ಎಂದು ನಮಗನ್ನಿಸುತ್ತದೆ. 1922ರಲ್ಲಿ ಸಲ್ಲಿಸಿದ ಪ್ರಬಂಧಕ್ಕೆ ಆಕ್ಷೇಪ ಬಂದು, ಅದನ್ನು ತಿದ್ದಿ ಮತ್ತೆ ಕಳಿಸಬೇಕಾಗಿ ಬಂದಿತ್ತು ಎಂಬುದೂ ನೆನಪಿರಲಿ.

ಎರಡು ವರ್ಷದ ನಂತರ, 1925ರಲ್ಲಿ, ಕೊಲಂಬಿಯಾಕ್ಕೆ ಬರೆದ ಪ್ರಬಂಧ ‘ದಿ ಇವಲ್ಯೂಷನ್ ಆಫ್ ಪ್ರಾವಿನ್ಷಿಯಲ್ ಫೈನಾನ್ಸ್ ಇನ್ ಬ್ರಿಟಿಷ್ ಇಂಡಿಯಾ’ ಬಂತು. ಇದರ ಅರ್ಪಣೆ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರಿಗೆ. ಓದಿಗೆ ನೆರವಾದದ್ದಕ್ಕೆ ಕೃತಜ್ಞತೆ ಎಂಬ ಒಂದೇ ಸರಳ ಕಾರಣ. ಮಹಾರಾಜರು ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುವಾಗ ತಿಂಗಳಿಗೆ 25 ರೂಪಾಯಿ ಕೊಟ್ಟಿದ್ದರು, ಅಮೆರಿಕದಲ್ಲಿ ಓದಲು ಮೂರು ವರ್ಷ ತಿಂಗಳಿಗೆ ಹನ್ನೊಂದೂವರೆ ಪೌಂಡ್ ಕೊಟ್ಟರು. ಬದಲಿಗೆ ಹತ್ತು ವರ್ಷ ಸಂಸ್ಥಾನದಲ್ಲಿ ಕೆಲಸ ಮಾಡುವ ಕರಾರು.

ಆ ಕರಾರಿನಂತೆ 1917ರಲ್ಲಿ ಬರೋಡಾಕ್ಕೆ ಹೋದವರಿಗೆ ಆದದ್ದೇನು? ಕಚೇರಿಯ ಜವಾನರು ಫೈಲುಗಳನ್ನು ಕೈಗೆ ಕೊಡದೆ ಮೇಜಿನ ಮೇಲೆ ಎಸೆದರು. ಇಡೀ ಊರಿನಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಹೆಸರು ಮರೆಮಾಚಿ ಉಳಿದರೆ, ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಉದ್ಯಾನದಲ್ಲಿ ಕೂತು ರೈಲಿಗೆ ಕಾದು ಮುಂಬೈಗೆ ಮರಳಿದರು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಅಷ್ಟಾದ ಮೇಲೂ ಎಂಟು ವರ್ಷಕ್ಕೆ ಅದೇ ಬರೋಡಾದ ದೊರೆಗೆ ಪುಸ್ತಕ ಅರ್ಪಿಸಿದರು. ನೆರವು ನೆರವೇ, ಅವಮಾನ ಅವಮಾನವೇ. ಎರಡನ್ನೂ ಬರೆದರು, ಒಂದರಿಂದ ಇನ್ನೊಂದನ್ನು ಅಳಿಸಲಿಲ್ಲ.

ಇಲ್ಲಿಯವರೆಗೆ ಒಂದು ಹೆಸರು ಎಲ್ಲೂ ಬಂದಿಲ್ಲ. ರಮಾಬಾಯಿ.

ಮುಂಬೈನ ಭಾಯಖಳ ಮಾರುಕಟ್ಟೆಯಲ್ಲಿ, ಅಂಗಡಿಗಳು ಮುಚ್ಚಿದ ಮೇಲೆ, ರಾತ್ರಿ ಹೊತ್ತಿನಲ್ಲಿ ಆದ ಮದುವೆ ಅದು. ಆಗ ಆಕೆಗೆ ಒಂಬತ್ತರ ಆಸುಪಾಸು. ಗಂಡ ನ್ಯೂಯಾರ್ಕ್, ಲಂಡನ್ನುಗಳಲ್ಲಿ ಓದುತ್ತಿದ್ದ ವರ್ಷಗಳಲ್ಲಿ ಮುಂಬೈನ ಸಂಸಾರವನ್ನು ಹೊತ್ತದ್ದು ಆಕೆ. ಗಂಡ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಿದ್ದಾಗಲೂ ಸಂಬಳದಲ್ಲಿ ಇಂತಿಷ್ಟು ಎಂದು ಮನೆಗೆ, ಉಳಿದದ್ದು ಮತ್ತೆ ಲಂಡನ್ನಿಗೆ ಹೋಗುವ ಗಂಟಿಗೆ. ಹುಟ್ಟಿದ ಐದು ಮಕ್ಕಳಲ್ಲಿ ಉಳಿದವರು ಯಶವಂತ ಒಬ್ಬರೇ. ಅತ್ತ ಲಂಡನ್ನಿನಲ್ಲೂ ಸುಖವೇನಿರಲಿಲ್ಲ. ಬೆಳಿಗ್ಗೆಯಿಂದ ಗ್ರಂಥಾಲಯದಲ್ಲಿ ಕೂತು ಬಂದವರು ರಾತ್ರಿ ಪರಿಚಿತರೊಬ್ಬರು ಕೊಟ್ಟ ಹಪ್ಪಳ ಸುಟ್ಟುಕೊಂಡು ತಿಂದು ಮತ್ತೆ ಓದುತ್ತಿದ್ದರು. ಹಪ್ಪಳದ ಕತೆ ನಮಗೆಲ್ಲ ಬಾಯಿಪಾಠ. ಅದೇ ರಾತ್ರಿ ಮುಂಬೈನ ಆ ಕೋಣೆಯಲ್ಲಿ ಏನು ಬೇಯುತ್ತಿತ್ತು ಎಂದು ನಮ್ಮ ಭಾಷಣಗಳು ಕೇಳುವುದು ಕಡಿಮೆ.

ರಮಾಬಾಯಿ 1935ರ ಮೇ 27ರಂದು ತೀರಿಕೊಂಡರು. 1940ರಲ್ಲಿ ಬಂದ ‘ಥಾಟ್ಸ್ ಆನ್ ಪಾಕಿಸ್ತಾನ್’ ಪುಸ್ತಕದ ಅರ್ಪಣೆ ‘ರಾಮು’ವಿನ ನೆನಪಿಗೆ. ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೇ ಅಚ್ಚು ಹಾಕಿಸಿದರು. ಆಕೆಯ ಒಳ್ಳೆಯತನದ ಜೊತೆಗೆ, ಗೆಳೆಯರಿಲ್ಲದ, ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ತನ್ನ ಜೊತೆ ನರಳಲು ಸಿದ್ಧಳಾಗಿದ್ದ ಆ ಗಟ್ಟಿತನವನ್ನು ನೆನೆಯುತ್ತಾರೆ. ಗಡಿ, ಸೈನ್ಯ, ಜನಸಂಖ್ಯೆಗಳ ಲೆಕ್ಕ ತುಂಬಿದ ರಾಜಕೀಯದ ಪುಸ್ತಕ ಅದು. ಅದರ ಬಾಗಿಲಲ್ಲಿ ಆ ಮಾತು ಇದೆ. ಅದು ‘ಅಕಾಡೆಮಿಕ್’ ಹೌದೋ ಅಲ್ಲವೋ ಎಂದು ಯಾರೂ ಗೆರೆ ಎಳೆದಂತಿಲ್ಲ. ಆದರೆ ಓದು ಮುಗಿದು ಹದಿನೇಳು ವರ್ಷವಾಗಿತ್ತು, ಅದನ್ನು ಓದಿಸಿ ಕೇಳಬೇಕಾದವರು ಹೋಗಿ ಐದು ವರ್ಷ.

ನಮ್ಮ ಕಡೆಯ ಕತೆಯೂ ಹೆಚ್ಚು ಬೇರೆಯಲ್ಲ. ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ಕಾಯಿಲೆ ಬಿದ್ದಾಗ ಅವರನ್ನು ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರಿಗೆ ಒಪ್ಪಿಸಿದವರು ಅಧ್ಯಾಪಕ ಟಿ.ಎಸ್. ವೆಂಕಣ್ಣಯ್ಯ. ಕುವೆಂಪು ಆಶ್ರಮದಲ್ಲೇ ಉಳಿದು 1929ರಲ್ಲಿ ಕನ್ನಡ ಎಂ.ಎ. ಮುಗಿಸಿದರು. ‘ಶ್ರೀ ರಾಮಾಯಣ ದರ್ಶನಂ’ ಅರ್ಪಿತವಾಗಿರುವುದು ಆ ಗುರುವಿಗೆ. ಪುಸ್ತಕ ಬಂದದ್ದು 1949ರಲ್ಲಿ, ವೆಂಕಣ್ಣಯ್ಯನವರು ಹೋದದ್ದು 1939ರಲ್ಲಿ. ಆ ಅರ್ಪಣೆಯನ್ನು ಓದಿದರೆ, ಕಾಣದ ಗುರುವಿನ ಮನೆಯ ಬಾಗಿಲಲ್ಲಿ ಶಿಷ್ಯ ಬಂದು ನಿಂತ ಹಾಗೆ ಅನ್ನಿಸುತ್ತದೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರದು ಇನ್ನೊಂದು ದಾರಿ. ಬಸ್ಸಿಗೆ ದುಡ್ಡಿಲ್ಲದೆ 1935ರಲ್ಲಿ ಊರಿನಿಂದ ಬೆಂಗಳೂರಿಗೆ ನಡೆದೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ ಹುಡುಗ, ಮುಂದೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪಿಎಚ್.ಡಿ. ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೆ ವಾಸ ಮಾತ್ರ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ, ಹುಡುಗರ ಜೊತೆಗೇ, 2005ರಲ್ಲಿ ತೀರಿಕೊಳ್ಳುವವರೆಗೂ. ಋಣವನ್ನು ಪುಟದಲ್ಲಿ ಬರೆಯದೆ ಅದರೊಳಗೇ ಮನೆ ಮಾಡಿದವರು.

ಇಷ್ಟು ಓದಿಕೊಂಡು ಹಿರಿಯರ ಹತ್ತಿರ ಹೋದೆವು. ಅವರು ತಾಳ್ಮೆಯಿಂದಲೇ ಕೇಳಿದರು, ಅಂಬೇಡ್ಕರ್ ವಿಷಯ ಬೇರೆ ಅಂದರು. ಅಷ್ಟರಲ್ಲಿ ಪ್ರತಿಗಳು ಬೈಂಡ್ ಆಗಿ ಬಂದಿದ್ದವು. ಅದೇ ಡಿಟಿಪಿ ಅಂಗಡಿಯಲ್ಲಿ ಒಂದೇ ಒಂದು ಪುಟ ಬೇರೆಯಾಗಿ ತೆಗೆಸಿದೆವು, ಗೆರೆ ಎಳೆದ ಸಾಲೂ ಸೇರಿದಂತೆ. ಅಂಗಡಿಯವನು ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಹಾಸ್ಟೆಲ್‌ಗೆ ಹೋದರೆ ಅಕ್ಕ ಅಲ್ಲಿರಲಿಲ್ಲ. ಹೊರಗುತ್ತಿಗೆ ಬದಲಾಗಿ ಪಕ್ಕದ ತಾಲ್ಲೂಕಿನ ಹಾಸ್ಟೆಲ್‌ಗೆ ಹೋಗಿದ್ದರು. ಭಾನುವಾರ ಬಸ್ಸು ಹಿಡಿದು ಹೋದೆವು. ಬಟಾಣಿ ಸುಲಿಯುತ್ತ ಕೂತಿದ್ದವರು ಸೆರಗಿಗೆ ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡರು, ತಿರುಗಿಸಿ ನೋಡಿ ನಮ್ಮ ಕೈಗೇ ಕೊಟ್ಟು ಓದಿ ಅಂದರು. ಓದಿದೆವು. ‘ಸಾರು ನೀರಾಗಿರ್ತಿತ್ತು ಅಂತ ಬರೆದಿಲ್ಲ ತಾನೇ?’ ಅಂದರು. ಇಲ್ಲಕ್ಕ ಅಂದೆವು. ‘ಹಂಗಾರೆ ಇನ್ನೊಂದು ಸಲ ಓದ್ರಿ’ ಅಂದರು.